ಸ್ಟ್ರೈಗಾ ಬಿದ್ದ ಗೋವಿನಜೋಳಕ್ಕೆ ತಿಪ್ಪೆಗೊಬ್ಬರವೋ, ಯೂರಿಯಾವೋ?

ಪ್ರಶ್ನೆ: ನಮ್ಮದು ಮಳೆಯಾಶ್ರಿತ ಹೊಲ. ಗೋವಿನಜೋಳದ ಬುಡದಲ್ಲಿ, ಬೆಳೆಯ ಬೇರಿಗೆ ಅಂಟಿ ಬದುಕುವ ಬಿಳಿ ಹೂವಿನ ಕಳೆ ಸ್ಟ್ರೈಗಾ ಪ್ರತಿವರ್ಷ ಏಳುತ್ತದೆ. ಯೂರಿಯಾದಿಂದ ಭೂಮಿ ಕೆಟ್ಟಿದ್ದೇ ಕಾರಣ ಎಂದರು. ಎರಡು ವರ್ಷದಿಂದ ತಿಪ್ಪೆಗೊಬ್ಬರ ಮಾತ್ರ ಹಾಕುತ್ತಿದ್ದೇನೆ. ಕಳೆ ಇನ್ನೂ ಹೆಚ್ಚಿದೆ, ಏಕೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಪ್ರತಿ ಮುಂಗಾರಿಗೂ ಇದೇ ಪ್ರಶ್ನೆ. ಯೂರಿಯಾ ಬಿಟ್ಟರೆ ಸ್ಟ್ರೈಗಾ ಬಿಡುತ್ತದೆ ಎಂದು ಹೇಳಿಕೊಟ್ಟವರು ರೈತರಿಗೆ ಅನ್ಯಾಯ ಮಾಡಿದ್ದಾರೆ. ಸಾರಜನಕ, ರಂಜಕ ಸಾಲದ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಸವನ್ನು ಹೆಚ್ಚು ಸುರಿಸುತ್ತದೆ. ಹತ್ತು ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿ ಕಾಯಬಲ್ಲ ಸ್ಟ್ರೈಗಾ ಬೀಜ ಮೊಳೆಯುವುದು ಆ ರಸ ಸೋಕಿದಾಗ. ಅಂದರೆ ಹಸಿದ ಗೋವಿನಜೋಳವೇ ಕಳೆಯನ್ನು ಕರೆಯುತ್ತದೆ.

ನಿಮ್ಮ ಗೊಬ್ಬರ ಅರೆ ಕಳಿತದ್ದಾದರೆ ಇನ್ನೂ ಕಷ್ಟ. ಅದರಲ್ಲಿನ ಕಣಕಿ, ಹೊಟ್ಟು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಲ್ಲಿದ್ದ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಮೊದಲ ವಾರಗಳಲ್ಲಿ ಪೈರು ಉಪವಾಸ ಬೀಳುತ್ತದೆ, ಸ್ಟ್ರೈಗಾ ಬೇರು ಕಚ್ಚುವ ಕಾಲವೂ ಅದೇ. ಸಾಲದ್ದಕ್ಕೆ ಸ್ಟ್ರೈಗಾ ಮೇಯ್ದ ದನದ ಸಗಣಿಯಲ್ಲಿ ಬೀಜ ಜೀವಂತ ಬರುತ್ತದೆ. ತಿಪ್ಪೆಗೆ ನೀರು ಹಾಕಿ, ಹೊರಗಿನದು ಒಳಗೆ ಹೋಗುವಂತೆ 2–3 ಸಲ ಮಗುಚಿ. ನಡುವೆ ಚುಚ್ಚಿದ ಕಬ್ಬಿಣದ ಸರಳನ್ನು 10 ನಿಮಿಷ ಬಿಟ್ಟು ಎಳೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ಆ ಬಿಸಿ ಏರದ ತಿಪ್ಪೆಯ ಗೊಬ್ಬರವನ್ನು ನಾನಂತೂ ಹೊಲಕ್ಕೆ ಹೊಡೆಯಲು ಹೇಳುವುದಿಲ್ಲ.

ಹಾಗೆಂದು ಬರೀ ಯೂರಿಯಾ ಸುರಿದರೂ ನಡೆಯದು. ಸಾವಯವ ಅಂಶ ಕಳೆದುಕೊಂಡ ನೆಲದಲ್ಲಿ ಒಂದು ಜೋರು ಮಳೆಗೆ ಸಾರಜನಕ ಬಸಿದುಹೋಗುತ್ತದೆ, ಮುಂದಿನ ಬಿಸಿಲಿಗೆ ತೇವವೂ ಆರುತ್ತದೆ. ಸ್ಟ್ರೈಗಾ ಗೋವಿನಜೋಳದ ನೀರನ್ನು ಎಳೆಯುತ್ತಲೇ ಇರುವುದರಿಂದ ಮಳೆ ತಡವಾದರೆ ಬೆಳೆ ಬೇಗ ಸೊರಗುತ್ತದೆ.

ಪೂರ್ತಿ ಕಳಿತ ಗೊಬ್ಬರ ಎಕರೆಗೆ 4 ಟನ್, ಬಿತ್ತನೆಗೆ 2–3 ವಾರ ಮೊದಲು ಹರಡಿ ಮಣ್ಣಿಗೆ ಸೇರಿಸಿ. ಜೊತೆಗೆ ಎಕರೆಗೆ ಸಾರಜನಕ 40, ರಂಜಕ 20, ಪೊಟ್ಯಾಷ್ 10 ಕಿಲೊ ಬೇಕು. ಅದಕ್ಕೆ ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 44, ಯೂರಿಯಾ 26, ಎಂಒಪಿ (ಪೊಟ್ಯಾಷ್ ಗೊಬ್ಬರ) 17 ಕಿಲೊ ಕೊಡಿ. ಬೀಜಕ್ಕೆ ತಾಗಿದರೆ ಮೊಳಕೆ ಸುಡುತ್ತದೆ, 5 ಸೆಂ.ಮೀ. ಪಕ್ಕಕ್ಕೆ, ಅಷ್ಟೇ ಕೆಳಕ್ಕೆ ಬೀಳಲಿ. 30ನೇ ದಿನದ ಹೊತ್ತಿಗೆ ನೆಲ ಹಸಿಯಿರುವಾಗ ಉಳಿದ 44 ಕಿಲೊ ಯೂರಿಯಾ ಸಾಲಿನ ಪಕ್ಕ ಹಾಕಿ ಬೋದು ಏರಿಸಿ. ಸ್ಟ್ರೈಗಾ ಹೂ ಕಂಡ ಮೇಲೆ ಮೇಲುಗೊಬ್ಬರಕ್ಕೆ ಓಡುವುದು ತಡ, ಹಾನಿ ನೆಲದಡಿಯಲ್ಲೇ ಆಗಿರುತ್ತದೆ.

ತೀರ ಬಡ ನೆಲದಲ್ಲಿ ಅರೆಬರೆ ಗೊಬ್ಬರ ಕೊಟ್ಟರೆ ಬೇರಷ್ಟೇ ಹಬ್ಬಿ, ಕಳೆ ಮೊದಲಿಗಿಂತ ಹೆಚ್ಚು ಏಳಬಹುದು. ಹೆದರಿ ನಿಲ್ಲಿಸಬೇಡಿ, ಪ್ರಮಾಣ ಪೂರ್ತಿ ಮಾಡಿ. ಎದ್ದ ಗಿಡವನ್ನು ಹೂವಿಗೆ ಮೊದಲೇ ಕೀಳಿ. ಒಂದೇ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಗೊಬ್ಬರ ಹಳೆಯ ಬೀಜವನ್ನು ಖಾಲಿ ಮಾಡುವುದಿಲ್ಲ. ಅದಕ್ಕೆ ಮರುವರ್ಷ ಹತ್ತಿ, ಶೇಂಗಾ ಅಥವಾ ಸೂರ್ಯಕಾಂತಿ ಹಾಕಿ. ಅವುಗಳ ಬೇರು ಸ್ಟ್ರೈಗಾ ಬೀಜವನ್ನು ಮೊಳೆಯಿಸುತ್ತದೆ, ಅಂಟಿಕೊಳ್ಳಲು ಬಿಡುವುದಿಲ್ಲ.

ಪ್ರಶ್ನೆ: ಉಪ್ಪುನೀರು ಹೊಡೆಯಬಹುದೇ?
ಉತ್ತರ: ಬೇಡ. ಎರೆಭೂಮಿ ಗಟ್ಟಿಯಾಗುತ್ತದೆ, ಮಣ್ಣಿನ ಬೀಜ ಹಾಗೇ ಉಳಿಯುತ್ತದೆ.

ಪ್ರಶ್ನೆ: ಒಂದೇ ಸಿಂಪಡಣೆಗೆ ಸ್ಟ್ರೈಗಾ ಬೇರುಸಹಿತ ನಾಶ ಎಂದು ಬಾಟಲಿ ಮಾರಲು ಬಂದಿದ್ದಾರೆ. ಕೊಳ್ಳಲೇ?
ಉತ್ತರ: ಸುಳ್ಳು. ಒಳಗೇನಿದೆ ಎಂದು ಲೇಬಲ್‌ನಲ್ಲಿ ಬರೆಯದ ಬಾಟಲಿಯನ್ನು ಮನೆಯೊಳಗೂ ತರಬೇಡಿ.

ಪ್ರಶ್ನೆ: ಅಕ್ಕಡಿ ಸಾಲಿನಲ್ಲಿ ತೊಗರಿಯಿದೆ. 2,4-ಡಿ ಕಳೆನಾಶಕ ಹೊಡೆಯಲೇ?
ಉತ್ತರ: ಖಂಡಿತ ಬೇಡ. ತೊಗರಿ ಹೋಗುತ್ತದೆ, ಗಾಳಿಗೆ ಹಾರಿದರೆ ಪಕ್ಕದವರ ಹತ್ತಿಯೂ ಹೋಗುತ್ತದೆ. ಕೈಯಲ್ಲೇ ಕೀಳಿ.