ವಯಸ್ಸಾದ ಅಪ್ಪ-ಅಮ್ಮನ ಜೊತೆ 4 ದಿನ ಹಂಪಿ, ಬಾದಾಮಿ ನೋಡಬೇಕು. ಶಿಲ್ಪಕಲೆ ಇಷ್ಟ, ಬಜೆಟ್ ಕಡಿಮೆ. ಹೇಗೆ ಪ್ಲಾನ್ ಮಾಡಲಿ?

ಜಾಗಗಳ ಪಟ್ಟಿ ಮಾಡುವ ಮೊದಲು ಉಳಿಯುವ ಊರು ತೀರ್ಮಾನಿಸಿ. ಹೊಸಪೇಟೆಯಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಒಂದು ರಾತ್ರಿ ಸಾಕು.

ಇಂಥ ಪ್ರವಾಸದಲ್ಲಿ ದುಡ್ಡು ಜಾಸ್ತಿ ಹೋಗುವುದು ಓಡಾಟಕ್ಕೆ, ಪ್ರವೇಶ ಟಿಕೆಟ್‌ಗಲ್ಲ. ದಿನಾ ಊರು ಬದಲಿಸಿದರೆ ಟ್ಯಾಕ್ಸಿ ಬಾಡಿಗೆ ಏರುತ್ತದೆ, ಹಿರಿಯರ ಮಂಡಿನೋವೂ ಏರುತ್ತದೆ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ., ಬಸ್ಸಿದೆ. ಮೊದಲ ದಿನ ವಿರೂಪಾಕ್ಷ ದೇವಸ್ಥಾನದ ಸುತ್ತಮುತ್ತ ನೋಡಿ. ಮರುದಿನ ಬೆಳಿಗ್ಗೆಯೇ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗಿ, ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಸಿಗುತ್ತದೆ. ಅದೇ ಟಿಕೆಟ್ ಅವತ್ತೇ ಕಮಲ ಮಹಲಿಗೂ ನಡೆಯುತ್ತದೆ, ಹಾಗಾಗಿ ಇವೆರಡನ್ನೂ ಒಂದೇ ದಿನ ಇಟ್ಟುಕೊಳ್ಳಿ.

ಮೂರನೇ ದಿನ ಗದಗ ಮೇಲಿಂದ ರೈಲಿನಲ್ಲಿ ಬಾದಾಮಿಗೆ ಹೋಗಿ, ಸಂಜೆ ಅಗಸ್ತ್ಯ ತೀರ್ಥದ ದಡದಲ್ಲಿ ಕೂತು ಸುಧಾರಿಸಿಕೊಳ್ಳಿ. ಕೊನೆಯ ದಿನ ಬೆಳಿಗ್ಗೆ ಗುಹಾಲಯ. ಮೆಟ್ಟಿಲು ಹತ್ತಬೇಕು, ಬಿಸಿಲೇರುವ ಮೊದಲೇ ಮುಗಿಸಿ. ಆಮೇಲೆ ಪಟ್ಟದಕಲ್ಲು, ಐಹೊಳೆಗೆ ಟ್ಯಾಕ್ಸಿ ಮಾಡಿ. ಕೈ ಬಿಚ್ಚಿ ಖರ್ಚು ಮಾಡಬೇಕಾದದ್ದು ಇಲ್ಲೇ. ಶಿಲ್ಪ ಇಷ್ಟಪಡುವವರಿಗೆ ಪಟ್ಟದಕಲ್ಲನ್ನು ಅರ್ಧ ಗಂಟೆಯಲ್ಲಿ ತೋರಿಸುವುದು ಅನ್ಯಾಯ, ಅಲ್ವಾ? ಸಮಯ ಸಾಲದಿದ್ದರೆ ಐಹೊಳೆ ಬಿಡಿ.