ಅಪ್ಪ ನಾಟಕ ಮಾಡುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆ ಕಂಬಳಿ ವ್ಯಾಪಾರ ಮಾಡುತ್ತಿದ್ದರು. ಹೋದ ವರ್ಷ ಲಕ್ವ ಹೊಡೆಯಿತು. ಈಗ ಕೈಕಾಲು ಸುಧಾರಿಸಿದೆ, ಮಾತೂ ಚೆನ್ನಾಗಿದೆ. ಕಣ್ಣಿನ ಡಾಕ್ಟರು ದೃಷ್ಟಿ ಸರಿಯಿದೆ ಅಂದರು. ಆದರೆ ಬೀಗದ ಕೈ ತೋರಿಸಿದರೆ ‘ಏನೋ ಉದ್ದಕ್ಕೆ ಹೊಳೀತಿದೆ’ ಅನ್ನುತ್ತಾರೆ. ಕೈಗಿಟ್ಟರೆ ತಕ್ಷಣ ‘ಬೀಗದ ಕೈ ಅಲ್ವೇನವ್ವ’ ಅನ್ನುತ್ತಾರೆ. ಕಂಬಳಿಯೂ ಅಷ್ಟೇ, ಮುಟ್ಟಿದರೆ ಉಣ್ಣೆ ಎಂಥದ್ದು ಅಂತಲೂ ಹೇಳುತ್ತಾರೆ. ಬೇಕಂತಲೇ ಮಾಡುತ್ತಾರೆ ಎಂದು ಅಣ್ಣ ರೇಗುತ್ತಾನೆ. ಕಾಣಿಸುತ್ತೆ ಅಂದ ಮೇಲೆ ಯಾಕೆ ಗೊತ್ತಾಗಲ್ಲ?
– ಹೆಸರು ಬೇಡ, ಚಳ್ಳಕೆರೆ

ಉತ್ತರ: ಮೊದಲು ನಿಮ್ಮ ಅಣ್ಣನಿಗೆ ಈ ಪುಟ ಓದಿಸಿಯಮ್ಮ. ನೀವು ಬರೆದಿರುವುದೆಲ್ಲ ಅಗ್ನೋಸಿಯಾ, ಅಂದರೆ ಕಣ್ಣಿಗೆ ಕಂಡರೂ ಅದು ಏನೆಂದು ಮಿದುಳಿಗೆ ಗುರುತು ಸಿಗದ ತೊಂದರೆಗೆ ಹೊಂದುತ್ತದೆ. ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಇಂಥವರು ಬರುವುದು ಅಪರೂಪ. ಬಂದಾಗಲೆಲ್ಲ ಮನೆಯವರ ದೂರು ಮಾತ್ರ ಇದೇ, ‘ಸುಮ್ನೆ ಆಟ ಆಡ್ತಾರೆ’ ಅಂತ. ಕೇಳಿ ನನಗೆ ಸಂಕಟವಾಗುತ್ತದೆ.

ಕಣ್ಣು ಬೆಳಕನ್ನು ನರದ ಸಂಕೇತವಾಗಿ ಬದಲಿಸಿ ಮಿದುಳಿಗೆ ಕಳಿಸುತ್ತದೆ. ಆ ಸಂಕೇತ ಹೋಗುವುದು ತಲೆಯ ಹಿಂಭಾಗಕ್ಕೆ. ಅಲ್ಲಿನ ಜೀವಕೋಶಗಳಿಗೆ ಬೀಗದ ಕೈ, ಲೋಟ ಎಂಬುದೆಲ್ಲ ಗೊತ್ತಿಲ್ಲ. ಒಂದು ಕೋಶ ನೆಟ್ಟಗಿನ ಗೆರೆಗೆ ಚುರುಕಾಗುತ್ತದೆ, ಇನ್ನೊಂದು ಓರೆ ಗೆರೆಗೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಇದನ್ನು 1959ರಲ್ಲಿ ಬೆಕ್ಕಿನ ಮಿದುಳಿನಲ್ಲಿ ತೋರಿಸಿಕೊಟ್ಟರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಗೆರೆಗಳು ಸೇರಿ ಆಕಾರವಾಗಬೇಕು, ಆ ಆಕಾರ ಹಳೆಯ ನೆನಪಿನ ಜೊತೆ ತಾಳೆಯಾಗಬೇಕು. ಈ ಕೆಲಸ ಮಿದುಳಿನ ಕೆಳಗಿನ ದಾರಿಯಲ್ಲಿ, ಕಿವಿಯ ಮಟ್ಟದ ಟೆಂಪೊರಲ್ ಭಾಗದ ಕಡೆಗೆ ಸಾಗುತ್ತಾ ನಡೆಯುತ್ತದೆ. ನಿಮ್ಮ ತಂದೆಗೆ ಪೆಟ್ಟು ಬಿದ್ದಿರುವುದು ಈ ದಾರಿಗೇ ಇರಬೇಕು. ಉದ್ದ ಕಾಣುತ್ತಿದೆ, ಹೊಳಪು ಕಾಣುತ್ತಿದೆ. ಅವೆರಡೂ ಸೇರಿ ‘ಬೀಗದ ಕೈ’ ಆಗುತ್ತಿಲ್ಲ.

ಇನ್ನೊಂದು ದಾರಿ ನೆತ್ತಿಯ ಕಡೆ ಮೇಲಕ್ಕೆ ಹೋಗುತ್ತದೆ. ವಸ್ತು ಎಲ್ಲಿದೆ, ಕೈ ಹೇಗೆ ಚಾಚಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಹಾಗಾಗಿ ವಸ್ತು ಏನೆಂದು ತಿಳಿಯದವರೂ ಅದನ್ನು ತಡವರಿಸದೆ ಎತ್ತಿಕೊಳ್ಳಬಹುದು. ನಿಮ್ಮಣ್ಣನಿಗೆ ಅನುಮಾನ ಹುಟ್ಟಿರುವುದು ಬಹುಶಃ ಇಲ್ಲೇ.

ಮುಟ್ಟಿದ್ದರ ಸುದ್ದಿ ಬೇರೆ ನರಗಳಲ್ಲಿ, ಮಿದುಳಿನ ಬೇರೆ ಜಾಗಕ್ಕೆ ಹೋಗುತ್ತದೆ. ಅದು ಅವರಿಗೆ ಉಳಿದಿದೆ. ಕೈಯ ಈ ಶಕ್ತಿ ಚಿಕ್ಕದಲ್ಲ. 1985ರಲ್ಲಿ ಕ್ಲಾಟ್ಜ್‌ಕಿ, ಲೆಡರ್‌ಮನ್ ಎಂಬ ಮನೋವಿಜ್ಞಾನಿಗಳು ಮತ್ತು ಸಂಗಡಿಗರು ಕಣ್ಣಿಗೆ ಬಟ್ಟೆ ಕಟ್ಟಿದವರ ಕೈಗೆ ದಿನಬಳಕೆಯ 100 ವಸ್ತು ಕೊಟ್ಟು ನೋಡಿದರು. ನೂರಕ್ಕೆ 95ಕ್ಕಿಂತ ಜಾಸ್ತಿ ಉತ್ತರ ಸರಿ ಬಂದವು, ಬಹುಪಾಲು 5 ಸೆಕೆಂಡಿನೊಳಗೆ. ಅವರು ಸಾಮಾನ್ಯ ವಿದ್ಯಾರ್ಥಿಗಳು. ನಿಮ್ಮ ತಂದೆ ಜೀವಮಾನವೆಲ್ಲ ಕಂಬಳಿ ಮುಟ್ಟಿಯೇ ಬೆಲೆ ಕಟ್ಟಿದವರು.

ಒಂದು ವ್ಯತ್ಯಾಸ ನೋಡಿಕೊಳ್ಳಿ. ಕೆಲವರಿಗೆ ವಸ್ತು ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ನಾನು ಮೇಜಿನ ಮೇಲೆ ಬಾಚಣಿಗೆ, ಲೋಟ, ಅಡಿಕೆ ಇಟ್ಟಿರುತ್ತೇನೆ. ಬಾಚಣಿಗೆಯನ್ನು ಕಣ್ಣಿನಲ್ಲಿ ನೋಡಿಯೇ ತಲೆ ಬಾಚುವ ಹಾಗೆ ಸನ್ನೆ ಮಾಡಿದರೆ ತೊಂದರೆ ಮಾತಿನ ಕಡೆಯದು. ಸನ್ನೆಯೂ ಬಾರದೆ, ಮುಟ್ಟಿದ ಮೇಲೆ ಎರಡೂ ಬಂದರೆ ನೋಟದ ಗುರುತು ಕೆಟ್ಟಿದೆ ಎಂದು ತಿಳಿಯುತ್ತೇನೆ. ಇದನ್ನು ಖಚಿತ ಮಾಡಿಕೊಳ್ಳಲು ಸ್ಕ್ಯಾನ್ ಹಿಡಿದು ನರರೋಗ ತಜ್ಞರನ್ನು ಕಾಣಲೇಬೇಕು.

ಮನೆಯಲ್ಲಿ ‘ಇದೇನು, ಹೇಳು ನೋಡೋಣ’ ಎಂದು ದಿನಾ ಪರೀಕ್ಷೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ಅವರಿಗೆ ಅವಮಾನವಾಗುತ್ತದೆ. ಅವರ ಸಾಮಾನು ಇಟ್ಟ ಜಾಗದಲ್ಲೇ ಇರಲಿ. ಚೊಂಬಿಗೆ ಒರಟು ದಾರ ಸುತ್ತಿ, ಬೀಗದ ಕೈಗೆ ಗೆಜ್ಜೆ ಕಟ್ಟಿ. ಮುಖ ನೋಡಿ ಗುರುತು ಹಿಡಿಯದಿದ್ದರೆ ನೊಂದುಕೊಳ್ಳಬೇಡಿ, ‘ಅಪ್ಪಾ, ನಾನು’ ಎಂದು ದನಿ ಕೊಟ್ಟು ಒಳಗೆ ಹೋಗಿ. ಫಿನಾಯಿಲ್, ಹೊಲಕ್ಕೆ ಹೊಡೆಯುವ ಔಷಧಿಯ ಬಾಟಲಿಗಳನ್ನು ಅವರ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಮಾತ್ರೆಗಳನ್ನು ನೀವೇ ಎತ್ತಿ ಕೊಡಿ. ತಜ್ಞರು ಹೇಳುವ ತನಕ ಬೈಕ್ ಬೇಡ.