ಚಪ್ಪಲಿ ಹಾಕಿಕೊಂಡು ಮಲಗುತ್ತಿದ್ದ ಅವ್ವ

ಮಡಿಕೇರಿಯಲ್ಲಿ ಮಳೆ ಹಿಡಿಯಿತು ಅಂದರೆ ಆಪ್ತಸಲಹೆಗೆ ನನ್ನ ಹತ್ತಿರ ಬರುವವರ ಬಾಯಲ್ಲಿ ಒಂದೇ ಮಾತು. "ಅವರು ಎಷ್ಟು ಗಟ್ಟಿ ಇದ್ರು, ನಾನ್ಯಾಕೆ ಹೀಗೆ?" ತೀರಿಕೊಂಡವರು ತಾಯಿ ಇರಬಹುದು, ಅಜ್ಜ ಇರಬಹುದು. ಊರೆಲ್ಲ ಹೊಗಳುವ ಜನ. ಆ ಹೊಗಳಿಕೆಯ ಭಾರ ಮಾತ್ರ ಉಳಿದವರ ತಲೆ ಮೇಲೆ. ಅಂಥವರಲ್ಲಿ ಒಬ್ಬರ ವಿಷಯ ಇದು. ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಸ್ವಲ್ಪ ಕಾಫಿ ತೋಟ, ಒಂದು ಅಂಗಡಿ. ತಾಯಿ ತೀರಿ ಹನ್ನೊಂದು ತಿಂಗಳಾಗಿತ್ತು. ವರ್ಷದ ತಿಥಿಗೆ ಪತ್ರಿಕೆಯಲ್ಲಿ ಹಾಕಿಸಲು ನಾಲ್ಕು ಸಾಲು ಬರೆಯಬೇಕು, ಆಗುತ್ತಿಲ್ಲ ಅಂತ ಬಂದಿದ್ದರು. ಇದಕ್ಕೂ ಆಪ್ತಸಲಹೆಯಾ ಅಂತ ತಾವೇ ನಕ್ಕರು. ಊಟ, ನಿದ್ದೆ, ವ್ಯಾಪಾರ ನಡೆಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ ದೀರ್ಘ ಶೋಕವೂ ಒಂದು ಕಾಯಿಲೆ. ಆದರೆ ಆರು ತಿಂಗಳು ದಾಟಿಯೂ ದಿನದ ಬದುಕೇ ಕೆಡುವಷ್ಟು ನೋವಿದ್ದರೆ ಮಾತ್ರ. ಇವರದ್ದು ಅದಲ್ಲ. ಮನೋವೈದ್ಯರ ಹತ್ತಿರ ಕಳಿಸಲಿಲ್ಲ.

ಬರೆದು ತಂದ ಚೀಟಿ ತೋರಿಸಿದರು. "ಸದಾ ಹಸನ್ಮುಖಿ, ಕಷ್ಟಕ್ಕೆ ಎದೆಗುಂದದ..." ಅಲ್ಲಿಗೆ ನಿಂತಿತ್ತು. ಸುಳ್ಳೇನಲ್ಲ. ಶುಕ್ರವಾರದ ಸಂತೆಗೆ ಹೋದರೆ ಅವ್ವ ಬರುತ್ತಿದ್ದುದು ಕೊನೆ ಬಸ್ಸಿಗೇ ಅಂತೆ. ಕಂಡವರನ್ನೆಲ್ಲ ಮಾತಾಡಿಸಬೇಕಲ್ಲ! ತೋಟದ ಕೆಲಸದವರಿಗೂ, ಕರೆಂಟಿನ ಲೈನ್‌ಮ್ಯಾನಿಗೂ, ದಾರಿ ತಪ್ಪಿ ಬಂದ ಟೂರಿಸ್ಟುಗಳಿಗೂ ಬೆಲ್ಲದ ಕಾಫಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ ಹೋಯಿತು. ಪರಿಹಾರ ಕೇಂದ್ರದಲ್ಲಿ ಎರಡನೇ ದಿನವೇ ಅಡುಗೆಗೆ ನಿಂತರಂತೆ. ಊರಿನವರು ಇವತ್ತಿಗೂ ಅದನ್ನೇ ಹೇಳುತ್ತಾರೆ.

"ಅವರಿಗೆ ಹೆದರಿಕೆಯೇ ಇರ್ಲಿಲ್ವಾ?" ಅಂತ ಕೇಳಿದೆ. ಯೋಚಿಸಿ ಕೇಳಿದ್ದೇನಲ್ಲ. ಹೊರಗೆ ಮಳೆ ಜೋರಾಗಿತ್ತು, ಬಾಯಿಗೆ ಬಂತು.

ತುಂಬಾ ಹೊತ್ತು ಸುಮ್ಮನಿದ್ದರು.

"ಹೊಸ ಮನೆಗೆ ಬಂದ್ಮೇಲೆ, ರಾತ್ರಿ ಮಳೆ ಬಂದ್ರೆ ಅವ್ವ ಚಪ್ಪಲಿ ಹಾಕ್ಕೊಂಡೇ ಮಲಗ್ತಿದ್ರು ಮೇಡಂ. ತಲೆ ಹತ್ರ ಟಾರ್ಚು, ಒಂದು ಪ್ಲಾಸ್ಟಿಕ್ ಚೀಲ. ಅದ್ರಲ್ಲಿ ಆರ್‌ಟಿಸಿ, ಆಧಾರ್, ಅಪ್ಪನ ಫೋಟೋ. ಆವತ್ತು ಬರಿಗಾಲಲ್ಲಿ ಓಡಿದ್ವಲ್ಲ."

"ನೀವೇನು ಹೇಳ್ತಿದ್ರಿ?"

"ನಗ್ತಿದ್ದೆ. ಹಾಸಿಗೆ ಕೊಳೆಯಾಗುತ್ತೆ ತೆಗಿ ಅವ್ವ, ಇಲ್ಲಿ ಯಾವ ಗುಡ್ಡ ಇದೆ ಅಂತಿದ್ದೆ. ಅವ್ರೂ ನಗೋರು. ತೆಗೀತಾ ಇರ್ಲಿಲ್ಲ." ಚೀಟಿಯನ್ನು ಮಡಚಿದರು, ಬಿಚ್ಚಿದರು. "ಮಳೆಗಾಲದಲ್ಲೇ ಅವರ ತಿರುಗಾಟ ಜಾಸ್ತಿ. ಈ ಮಳೇಲಿ ಯಾರ ಮನೆಗೆ ಹೋಗ್ತೀಯಾ ಅಂತ ಬೈತಿದ್ದೆ. ಒಬ್ಳೇ ಕೂತ್ರೆ ಸದ್ದು ಕೇಳುತ್ತೆ ಅನ್ನೋರು. ಯಾವ ಸದ್ದು ಅಂತ ನಾನು ಕೇಳ್ಲೇ ಇಲ್ಲ."

ಬರೆಯಲು ಆಗದೇ ಇದ್ದದ್ದು ಇದಕ್ಕೇ. ಹಸನ್ಮುಖಿ ಅಂತ ಬರೆದಾಗೆಲ್ಲ ಆ ಚಪ್ಪಲಿ ಅಡ್ಡ ಬರುತ್ತಿತ್ತು.

"ನಿಮ್ಮ ತಪ್ಪೇನಿಲ್ಲ ಬಿಡಿ" ಅಂತ ನಾನು ಹೇಳಲಿಲ್ಲ. ನಕ್ಕಿದ್ದು ನಿಜ ಅಲ್ವಾ? ಅವ್ವನೂ ಜೊತೆಗೆ ನಕ್ಕಿದ್ದು ಅಷ್ಟೇ ನಿಜ. ಪತ್ರಿಕೆಗೆ ನಿಮ್ಮ ಅಕ್ಕ ಬರೆಯಲಿ, ಹಸನ್ಮುಖಿ ಅಂತಲೇ ಇರಲಿ ಎಂದೆ. ಆದರೆ ತಿಥಿಯ ದಿನ ಊಟ ಆದ ಮೇಲೆ ಎಲ್ಲರೂ ಕೂತಾಗ ಈ ಚಪ್ಪಲಿಯ ವಿಷಯ ಹೇಳಿ. ನೀವು ನಕ್ಕಿದ್ದನ್ನೂ ಸೇರಿಸಿ ಹೇಳಿ. ಆ ಸದ್ದು ಯಾವುದು ಅಂತ ಗೊತ್ತಿರುವವರು ಇದ್ದರೆ ಕೇಳಿ.

ಸತ್ತವರ ಅಂಜಿಕೆಯನ್ನು ನೆಂಟರ ಮುಂದೆ ಹೇಳಿಸುವುದಾ ಅಂತ ನನಗಿಂತ ಹಿರಿಯ ಸಲಹೆಗಾರರೊಬ್ಬರು ಬೇಸರಪಟ್ಟುಕೊಂಡರು. ಇರಲಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಗುರುಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುವಾಗ ಮಾಂಸ, ಮದ್ಯ ಎರಡನ್ನೂ ಇಡುತ್ತೇವೆ. ಅಜ್ಜ ಬರೀ ಹಾಲು ಕುಡಿಯುತ್ತಿದ್ದರು ಅಂತ ಯಾರೂ ನಾಟಕ ಮಾಡುವುದಿಲ್ಲ. ಹೆದರಿಕೆ ಬಂದಾಗ ಮಾತ್ರ ಯಾಕೆ ನಾಟಕ? 2018ರಲ್ಲಿ ಊರೂರೇ ಜಾರಿದವು, 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಮೂರೂ ಆಗಸ್ಟಿನಲ್ಲೇ. ಆ ಮಳೆ ಕೇಳಿಸಿಕೊಂಡು ಬೆಳೆದ ಮಕ್ಕಳಿಗೆ "ನಿನ್ನಜ್ಜಿ ಯಾವುದಕ್ಕೂ ಹೆದರಿದವಳಲ್ಲ" ಅಂತ ಹೇಳಿದರೆ, ರಾತ್ರಿ ಎದೆ ಹೊಡೆದುಕೊಂಡಾಗ ಅವು ಯಾರನ್ನು ಕರೆಯಬೇಕು? ಅಜ್ಜಿ ಚಪ್ಪಲಿ ಹಾಕಿಕೊಂಡು ಮಲಗಿ, ಬೆಳಿಗ್ಗೆ ಎದ್ದು ಕಾಫಿ ಕಾಯಿಸಿ ನಾಲ್ಕು ಜನರನ್ನು ಕರೆದಳು. ಗಟ್ಟಿಗಿತ್ತಿ ಅಂತ ನಾನು ಅನ್ನುವುದು ಇದಕ್ಕೆ.

ಎಲ್ಲರಿಗೂ ಈ ಸಲಹೆ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, "ನಾನೂ ಅವರ ಹಿಂದೆಯೇ ಹೋಗಬೇಕು" ಅನ್ನುತ್ತಿದ್ದಾರೆ ಅಂದರೆ ಕಥೆ ಹೇಳಿಸುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತಿಥಿ ಮುಗಿದ ವಾರಕ್ಕೆ ಅವರ ಫೋನ್ ಬಂತು. ಚಿಕ್ಕಮ್ಮ ಅರ್ಧಕ್ಕೇ ಎದ್ದು ಹೋದರಂತೆ, ಈಗಲೂ ಸರಿಯಾಗಿ ಮಾತಾಡುತ್ತಿಲ್ಲ. ಪಕ್ಕದ ಮನೆಯ ಆಂಟಿ ಮಾತ್ರ ಕೂತೇ ಇದ್ದರಂತೆ. ಅವರ ಮನೆಯೂ ಅದೇ ರಾತ್ರಿ ಹೋಗಿತ್ತು. "ಜಲ್ಲಿ ಲಾರಿ ಸುರಿದ ಹಾಗೆ ಸದ್ದು ಕಣಪ್ಪಾ. ನಡುರಾತ್ರಿ ನಿನ್ನವ್ವ ನಂಗೆ ಫೋನ್ ಮಾಡೋರು. ನಿಂಗೂ ಕೇಳ್ತಾ ಅಂತ."